ದ್ವಾರಕಾನಾಥರು ತೋಟಕ್ಕೆ ಬಿದ್ದದ್ದು

ದ್ವಾರಕಾನಾಥರು ಸುಳ್ಳು ಹೇಳುವ ಪೈಕಿಯವರಲ್ಲ. ಆದರೆ ಎದುರಿಗಿದ್ದವರು ತಮ್ಮ ವಿಷಯದಲ್ಲಿ ಏನಾದರೂ ಒಳ್ಳೆಯದನ್ನು ತಪ್ಪಾಗಿ ತಿಳಿದುಕೊಂಡರೆ ಅದನ್ನು ತಿದ್ದುವ ಅವಸರವನ್ನೂ ಅವರು ಎಂದೂ ತೋರಿದವರಲ್ಲ. ಇನ್ನೊಬ್ಬರ ಮಾತನ್ನು ತಿದ್ದುವುದು ಸಭ್ಯತೆಯಲ್ಲ ಎಂದು ಅವರ ಭಾವನೆ. ಅಮೆರಿಕದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ಅವರಿಗೆ ಒದಗಿದ ಪೇಚಾಟವೆಲ್ಲ ಹುಟ್ಟಿದ್ದು ಈ ಸಭ್ಯತೆಯಿಂದಲೇ.

ಅದು 1974ರ ಬೇಸಿಗೆ. ಡೆಟ್ರಾಯಿಟಿನ ಕಾರು ಕಂಪನಿಗಳಿಗೆ ವೈಪರ್ ಮೋಟರು ಮಾಡಿಕೊಡುವ ಒಂದು ಕಾರ್ಖಾನೆಯಲ್ಲಿ ಅವರು ಇಂಜಿನಿಯರು. ಮೋಟರಿನ ಒಳಗೆ ಒಂದು ಕೂದಲೆಳೆ ಹೆಚ್ಚುಕಮ್ಮಿಯಾದರೂ ಅವರ ಕಣ್ಣಿಗೆ ಬೀಳುತ್ತಿತ್ತು. ಆದರೆ ಮನೆಯ ಮುಂದಿನ ಲಾನ್ ಮಾತ್ರ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಅದರ ತುಂಬ ಡ್ಯಾಂಡಿಲಯನ್ ಎಂಬ ಹಳದಿ ಹೂವಿನ ಕಳೆ ಎದ್ದು ನಿಂತಿತ್ತು. ಆ ಬಡಾವಣೆಯಲ್ಲಿ ಗಂಡ ಹೆಂಡತಿಯನ್ನು ಬಿಟ್ಟರೆ ಜನ ಒಂದೆರಡು ವಾರ ಆಡಿಕೊಂಡು ಮರೆಯುತ್ತಿದ್ದರು. ಲಾನಿನಲ್ಲಿ ಡ್ಯಾಂಡಿಲಯನ್ ಬಿಟ್ಟವನನ್ನು ಮರೆಯುತ್ತಿರಲಿಲ್ಲ.

ಒಂದು ಭಾನುವಾರ ಪಕ್ಕದ ಮನೆಯ ಮಿಸೆಸ್ ಪ್ರೆಂಟಿಸ್ ಬೀದಿಯ ಪರವಾಗಿ ಮಾತಾಡಲು ಬಂದರು. ಎತ್ತರದ, ನೆಟ್ಟಗೆ ನಿಲ್ಲುವ ಹೆಂಗಸು. ಬಹಳ ವರ್ಷ ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು.

"ಮಿಸ್ಟರ್ ನಾಥ್, ಕೇಳುತ್ತೇನೆಂದು ಬೇಸರ ಬೇಡ," ಎಂದರು ಅವರು. "ನಿಮ್ಮ ದೇಶದಲ್ಲಿ ತೋಟ ಮಾಡುವ ಪದ್ಧತಿ ಇದೆಯೇ?"

ದ್ವಾರಕಾನಾಥರ ಅಭಿಮಾನಕ್ಕೆ ಪೆಟ್ಟು ಬಿತ್ತು. "ತೋಟವೇ, ಮೇಡಂ? ನಾವು ಲಾಲ್‌ಬಾಗಿನವರು."

"ಹಾಗೆಂದರೆ?"

"ಬೆಂಗಳೂರಿನಲ್ಲಿ ಮೈಸೂರು ದೊರೆಗಳು ಮಾಡಿಸಿದ ತೋಟ. ಇನ್ನೂರು ವರ್ಷ ಹಳೆಯದು."

"ನಿಮ್ಮ ಮನೆತನ ಅಲ್ಲಿಯದೇ?"

"ನಮ್ಮ ತಾತನ ಕಾಲದಿಂದ."

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಬೆಂಗಳೂರಿನಲ್ಲಿ ಒಬ್ಬ ಬಸವನಗುಡಿಯವನು, ಒಬ್ಬ ಮಲ್ಲೇಶ್ವರದವನು ಆಗಿರುವಂತೆಯೇ ದ್ವಾರಕಾನಾಥರು ಲಾಲ್‌ಬಾಗಿನವರು. ಅವರ ತಾತ ಆ ತೋಟದ ಗೋಡೆಯ ಹಿಂದಿನ ಬೀದಿಯಲ್ಲಿ ಬಾಡಿಗೆಗೆ ಇದ್ದರು. ಆದರೆ ಮಿಸೆಸ್ ಪ್ರೆಂಟಿಸ್ ಲಾನಿನ ಕಡೆಗೆ ಹೊಸ ಗೌರವದಿಂದ ತಿರುಗಿದರು.

"ಹಾಗಾದರೆ ಈ ಕಳೆ ನೀವು ಬೇಕೆಂದೇ ಬಿಟ್ಟದ್ದೋ?"

ದ್ವಾರಕಾನಾಥರು ಸುಮ್ಮನೆ ಮುಗುಳ್ನಕ್ಕರು. ಕಿಟಕಿಯ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅವರ ಹೆಂಡತಿ ವಸುಧಾ, ನೆರೆಯವರು ಹೋದ ಮೇಲೆ ಕೇಳಿದರು:

"ಏನಂದ್ರಿ ಅವ್ರಿಗೆ?"

"ಲಾಲ್‌ಬಾಗ್ ಹತ್ರ ಮನೆ ಅಂದೆ."

"ಹತ್ರ ಅಂದ್ರಾ?"

"ಹತ್ರ ಅನ್ನೋದು ಅದರಲ್ಲೇ ಬಂತಲ್ಲ."

ವಸುಧಾ ಗಂಡನನ್ನು ಒಮ್ಮೆ ನೋಡಿ ಸಾರಿಗೆ ಒಗ್ಗರಣೆ ಹಾಕಲು ಒಳಗೆ ಹೋದರು. ಅವರು ಮುಂದೆ ಆಗುವುದನ್ನು ಅಲ್ಲೇ ಊಹಿಸಿದ್ದರು ಎಂದು ನನ್ನ ನಂಬಿಕೆ.

ಮುಂದಿನ ಶನಿವಾರ ಮಿಸೆಸ್ ಪ್ರೆಂಟಿಸ್ ತಮ್ಮ ಸ್ಟೇಷನ್ ವ್ಯಾಗನ್ ತಂದು ಮನೆಯ ಮುಂದೆ ನಿಲ್ಲಿಸಿದರು. "ನಿಮಗೊಂದು ತೋಟ ತೋರಿಸಬೇಕು," ಎಂದರು. ದ್ವಾರಕಾನಾಥರು ಆಫೀಸಿಗೆ ಹಾಕುವ ಬೂಟು ಹಾಕಿಕೊಂಡು ಕಾರು ಹತ್ತಿದರು. ಕರೆದಾಗ ಹೋಗುವುದೂ ಸಭ್ಯತೆಯೇ.

ದಾರಿಯುದ್ದಕ್ಕೂ ಮಿಸೆಸ್ ಪ್ರೆಂಟಿಸ್ ಪಾಠ ಹೇಳುವ ಧ್ವನಿಯಲ್ಲಿ ಕತೆ ಹೇಳಿದರು. ತನ್ನದೇ ಆಡಳಿತ ಬೋರ್ಡಿರುವ ಹಾಲೋ ಕ್ರೀಕ್ ಎಂಬ ಟೌನ್‌ಷಿಪ್ಪಿನ ಅಂಚಿನಲ್ಲಿ ಥಾರ್ನ್‌ಬಿ ಹೌಸ್ ಎಂಬ ದೊಡ್ಡ ಬಂಗಲೆ. ಅದನ್ನು ಕಟ್ಟಿಸಿದ ಎಲಾಯಸ್ ಥಾರ್ನ್‌ಬಿ ಮೊದಲ ಕಾಲದ ಕಾರುಗಳಿಗೆ ಹಾರ್ನ್ ಮಾಡಿ ಕುಬೇರನಾದವನು. ಅವನ ಹೆಂಡತಿ ಕಾರ್ಡೀಲಿಯಾಗೆ ಹಾರ್ನ್ ಸದ್ದು ಕೇಳಿದರೆ ತಲೆನೋವು. ಗಂಡನೋ ಪ್ರತಿ ಹೊಸ ಹಾರ್ನನ್ನೂ ಮೊದಲು ಮನೆಯ ಅಂಗಳದಲ್ಲೇ ಊದಿಸಿ ನೋಡುವವನು. ಕೊನೆಗೆ ಅವಳು ಹಟ ಹಿಡಿದು ಬಂಗಲೆಯ ಹಿಂದೆ ತೋಟ ಮಾಡಿಸಿದಳು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಹುಲ್ಲುಹಾಸು, ಕೆರೆಯವರೆಗೆ ಕಣ್ಣು ಹಾಯುವ ಸಾಲುಮರಗಳು, ಇವೆಲ್ಲದರ ನಡುವೆ ಎಲ್ಲೋ ಒಂದು ಕಡೆ ನೆಲವನ್ನೇ ಆಳವಾಗಿ ತೋಡಿಸಿ, ಸುತ್ತ ಕಲ್ಲು ಕಟ್ಟಿಸಿ ಮಾಡಿದ ತಗ್ಗುತೋಟ. ಅಲ್ಲಿಳಿದು ಕೂತರೆ ಜಗತ್ತಿನ ಯಾವ ಹಾರ್ನೂ ಕೇಳುತ್ತಿರಲಿಲ್ಲವಂತೆ. ಮೂವತ್ತರ ದಶಕದ ಮುಗ್ಗಟ್ಟಿನಲ್ಲಿ ಹಾರ್ನಿನ ವ್ಯಾಪಾರ ಮುಳುಗಿತು, ಮಾಲಿಗಳು ಹೋದರು, ಮಕ್ಕಳು ಬೇರೆ ಊರು ಸೇರಿದರು. ಬಂಗಲೆ ಟೌನ್‌ಷಿಪ್ಪಿನ ಪಾಲಾಯಿತು, ತೋಟ ಮುಳ್ಳಿನ ಪಾಲಾಯಿತು. ತಗ್ಗುತೋಟ ಎಲ್ಲಿತ್ತು ಎಂಬುದೇ ಈಗ ಯಾರಿಗೂ ತಿಳಿಯದು.

"ಚಿಕಾಗೋದಿಂದ ಒಬ್ಬ ತಜ್ಞರನ್ನು ಕರೆಸಿದ್ದೆವು," ಎಂದರು ಮಿಸೆಸ್ ಪ್ರೆಂಟಿಸ್. "ಎಲ್ಲವನ್ನೂ ಬುಲ್ಡೋಜರಿನಲ್ಲಿ ಕೆರೆದು ಹೊಸದಾಗಿ ಗುಲಾಬಿ ನೆಡಿ ಎಂದರು. ಟೌನ್‌ಷಿಪ್ ಬೋರ್ಡಿನ ಮಿಸ್ಟರ್ ಡಂಕರ್‌ಗೆ ಇದು ಹಬ್ಬ. ಹೇಗೂ ಕೆರೆಯುವುದಾದರೆ ಟಾರು ಹಾಕಿ ಶಾಪಿಂಗ್ ಪ್ಲಾಜಾಕ್ಕೆ ಪಾರ್ಕಿಂಗ್ ಲಾಟ್ ಮಾಡೋಣ ಅನ್ನುತ್ತಾರೆ."

ಅಲ್ಲಿ, ತೋಟ ಉಳಿಸಲು ಹೊರಟಿದ್ದ ಮಿಸೆಸ್ ಪ್ರೆಂಟಿಸ್ ಅವರ ಗಾರ್ಡನ್ ಸೊಸೈಟಿಯ ಏಳೆಂಟು ಹೆಂಗಸರು ಟೋಪಿ ಹಾಕಿಕೊಂಡು ಕಾದಿದ್ದರು. ಸುತ್ತ ಎಕರೆಗಟ್ಟಲೆ ಮುಳ್ಳು. ಎಲ್ಲರೂ ದ್ವಾರಕಾನಾಥರ ಮುಖ ನೋಡಿದರು. ಹೇಳಲು ಏನೂ ಇಲ್ಲದಾಗ ದೊಡ್ಡ ಮನುಷ್ಯರು ಏನು ಮಾಡುತ್ತಾರೋ ಅದನ್ನೇ ಅವರೂ ಮಾಡಿದರು. ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಕಣ್ಣು ಕಿರಿದು ಮಾಡಿ, ದೂರದಿಂದ ನೋಡುವವರಂತೆ ಒಂದು ಹೆಜ್ಜೆ ಹಿಂದೆ ಇಟ್ಟರು. ಹೆಂಗಸರು ಮೆಚ್ಚಿ ತಲೆದೂಗಿದರು. ಇನ್ನೊಂದು ಹೆಜ್ಜೆ ಇಟ್ಟರು. ಮೂರನೆಯ ಹೆಜ್ಜೆ ಇಡಲು ಹಿಂದೆ ನೆಲವಿರಲಿಲ್ಲ.

ಮುಳ್ಳಿನ ಪೊದೆ ಸರ್ರನೆ ಹರಿದ ಸದ್ದು, ಆಮೇಲೆ ದಡ್ ದಡ್ ದಡ್ ಎಂದು ಏನೋ ಉರುಳಿದ ಸದ್ದು ಕೇಳಿತು. ಹೆಂಗಸರು ಓಡಿ ಬಂದು ಬಗ್ಗಿ ನೋಡಿದರೆ, ಕೆಳಗೆ ಒಣಗಿದ ಎಲೆಗಳ ರಾಶಿಯ ಮೇಲೆ ದ್ವಾರಕಾನಾಥರು ಅಂಗಾತ ಮಲಗಿದ್ದರು. ಅವರು ಉರುಳಿದ ದಾರಿಯಲ್ಲಿ ಮುಳ್ಳು ಸರಿದು ಕಲ್ಲಿನ ಮೆಟ್ಟಿಲುಗಳು ಕಾಣುತ್ತಿದ್ದವು.

"ತಗ್ಗುತೋಟ," ಎಂದರು ಒಬ್ಬರು ಪಿಸುಮಾತಿನಲ್ಲಿ.

"ಅವರಿಗೆ ಹೇಗೆ ಗೊತ್ತಾಯಿತು?" ಎಂದರು ಇನ್ನೊಬ್ಬರು.

ಇಬ್ಬರು ಹೆಂಗಸರು ಇಳಿದು ದ್ವಾರಕಾನಾಥರ ತೋಳಿಗೆ ಕೈ ಹಾಕಿದರು. ಬೆನ್ನಿನಲ್ಲಿ ಸಿಡಿಲು ಹೊಡೆದಂತಾಯಿತು. ಹಲ್ಲು ಕಚ್ಚಿಕೊಂಡು ಅವರು ಇಂಗ್ಲಿಷಿನಲ್ಲಿ ಹೇಳಿದರು: "ದಯವಿಟ್ಟು ಏನನ್ನೂ ಮುಟ್ಟಬೇಡಿ. ಹೇಗಿದೆಯೋ ಹಾಗೇ ಬಿಡಿ. ಸ್ವಲ್ಪ ಕಾಲ ಸುಮ್ಮನೆ ನೋಡೋಣ."

ಮೇಲೆ ನಿಂತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಿಸೆಸ್ ಪ್ರೆಂಟಿಸ್ ನಿಧಾನವಾಗಿ ಆ ಮಾತನ್ನು ತಾವೇ ಮತ್ತೊಮ್ಮೆ ಹೇಳಿದರು: "ಏನನ್ನೂ ಮುಟ್ಟಬಾರದು. ಒಂದು ವಸಂತ ಕಾದು, ಏನು ತಾನಾಗಿ ಮೇಲೆ ಬರುತ್ತದೆ ಎಂದು ನೋಡಬೇಕು."

ತಮ್ಮ ಬೆನ್ನಿನ ವಿಷಯಕ್ಕೆ ಹೇಳಿದ ಮಾತು ಹೀಗೆ ಸೊಸೈಟಿಯ ನಿರ್ಣಯವಾಯಿತು. ದ್ವಾರಕಾನಾಥರಿಗೆ ಆ ಹೊತ್ತಿನಲ್ಲಿ ತಿದ್ದುವ ಶಕ್ತಿಯೂ ಇರಲಿಲ್ಲ.

ಅವರು ಹಾಸಿಗೆ ಹಿಡಿದಿದ್ದಾಗ ಸೊಸೈಟಿಯವರು ಸರದಿಯಲ್ಲಿ ಊಟ ತಂದುಕೊಟ್ಟರು. ಮಾಂಸ ಇಲ್ಲದ್ದು ಎಂದು ಹೇಳಿ ತಂದ ಒಂದು ಪಾತ್ರೆಯಲ್ಲಿ ಕೋಳಿ ಇತ್ತು. ಕೋಳಿ ಮಾಂಸವಲ್ಲ ಎಂಬುದು ಆ ಸೀಮೆಯ ನಂಬಿಕೆ. ವಸುಧಾ ಅದನ್ನು ಗೌರವದಿಂದ ತೆಗೆದುಕೊಂಡು ಎದುರು ಮನೆಗೆ ದಾಟಿಸಿದರು. ಆಮೇಲೆ ಗಂಡನ ತಲೆದಿಂಬಿನ ಹತ್ತಿರ ಬಂದು ಕೂತರು.

"ರೀ, ಇನ್ನಾದ್ರೂ ಹೇಳ್ಬಿಡಿ. ಪಾಪ, ನಂಬ್ಕೊಂಡಿದಾರೆ."

ದ್ವಾರಕಾನಾಥರಿಗೂ ಮನಸ್ಸು ಚುಚ್ಚುತ್ತಿತ್ತು. ಮರುದಿನ ಮಿಸೆಸ್ ಪ್ರೆಂಟಿಸ್ ಬಂದಾಗ ಧೈರ್ಯ ಮಾಡಿ, "ಮೇಡಂ, ನಿಜವಾಗಿ ನನಗೆ ತೋಟದ ವಿಷಯ ಏನೇನೂ ಗೊತ್ತಿಲ್ಲ," ಎಂದರು.

ಆಕೆ, "ಚಿಕಾಗೋದವರು ಎಲ್ಲ ಗೊತ್ತು ಅಂದರು, ಮಿಸ್ಟರ್ ನಾಥ್. ಎಲ್ಲ ಗೊತ್ತಿರುವವರು ಬುಲ್ಡೋಜರ್ ತರುತ್ತಾರೆ," ಎಂದು ಹೊದಿಕೆ ಸರಿಮಾಡಿ ಹೊರಟುಹೋದರು.

"ಹೇಳಿದೆ," ಎಂದರು ದ್ವಾರಕಾನಾಥರು ಹೆಂಡತಿಗೆ. "ನಂಬಲಿಲ್ಲ."

ಅಷ್ಟರಲ್ಲಿ ಊರಿನ ವಾರಪತ್ರಿಕೆಯಲ್ಲಿ 'ಮೈಸೂರಿನ ರಾಜೋದ್ಯಾನದಿಂದ ಹಾಲೋ ಕ್ರೀಕ್‌ಗೆ' ಎಂಬ ಬರಹ ಬಂತು. ಅದು ಕನ್ನಡ ಕೂಟದವರ ಕೈಗೂ ಸಿಕ್ಕಿತು. ಕೂಟದ ಮುಂದಿನ ಸಭೆಗೆ ಜನ ಸಿಹಿಪೊಂಗಲಿನ ಜೊತೆ ಕುಂಡಗಳನ್ನೂ ಹೊತ್ತು ತಂದರು. ಸೊರಗಿದ ಕರಿಬೇವು, ಹೂ ಬಿಡದ ಮಲ್ಲಿಗೆ, ಬಾಡಿದ ತುಳಸಿ. ಆ ಚಳಿಯ ದೇಶದಲ್ಲಿ ಒಂದು ಕರಿಬೇವಿನ ಗಿಡ ಬದುಕಿಸಿಕೊಳ್ಳುವುದು ಒಂದು ಮಗುವನ್ನು ಸಾಕಿದಂತೆ. ಸಾಲಿನ ಮೊದಲಲ್ಲಿ ನಿಂತವರು ಧಾರವಾಡದ ಡಾಕ್ಟರ್ ಶಿವಬಸಪ್ಪ. ಆಸ್ಪತ್ರೆಯಲ್ಲಿ ರೋಗಿಗಳಿಗೆ ಅರಿವಳಿಕೆ ಕೊಡುವ ಕೆಲಸ ಅವರದು.

"ಏನ್ರಿ ದ್ವಾರಕಾನಾಥ, ರಾಜರ ತ್ವಾಟದವರು ನೀವು, ನಮಗ ಹೇಳೇ ಇಲ್ಲಲ್ರಿ," ಎಂದರು. "ಈ ಕರಿಬೇವು ನೋಡ್ರಿ. ಎಲಿ ಎಲ್ಲಾ ಉದುರಲಿಕ್ಕ ಹತ್ಯಾವ."

"ನೀರು ಹಾಕ್ತಿದೀರಾ?"

"ದಿನಾ ಹಾಕ್ತೀನ್ರಿ."

"ಕಮ್ಮಿ ಮಾಡಿ."

ಮುಂದಿನವರು ನೀರು ಕಡಿಮೆ ಹಾಕುತ್ತೇನೆ ಎಂದರು. ದ್ವಾರಕಾನಾಥರು ಜಾಸ್ತಿ ಹಾಕಿ ಎಂದರು. ಬಿಸಿಲಿನಲ್ಲಿ ಇಟ್ಟವರಿಗೆ ನೆರಳು, ನೆರಳಲ್ಲಿ ಇಟ್ಟವರಿಗೆ ಬಿಸಿಲು. ಈಗ ಮಾಡುತ್ತಿರುವುದರಿಂದ ಗಿಡ ಸಾಯುತ್ತಿದೆ ಎಂದ ಮೇಲೆ ಅದರ ತಿರುವುಮುರುವು ಮಾಡಿದರೆ ಬದುಕಬೇಕು, ಇದು ಇಂಜಿನಿಯರಿನ ತರ್ಕ. ಆಶ್ಚರ್ಯವೆಂದರೆ ಸುಮಾರು ಅರ್ಧ ಗಿಡಗಳು ಚಿಗುರಿಬಿಟ್ಟವು. ಗಿಡ ಚಿಗುರಿದವರು ಊರೆಲ್ಲ ಹೇಳಿಕೊಂಡು ಬಂದರು. ಒಣಗಿಸಿಕೊಂಡವರು ತಮ್ಮ ಕೈಗುಣವೇ ಸರಿಯಿಲ್ಲವೆಂದು ಸುಮ್ಮನಾದರು. ಶಿವಬಸಪ್ಪನವರು ಮಾತ್ರ ಫೋನ್ ಮಾಡಿ, "ನಿಮ್ಮದು ತಪ್ಪಿಲ್ಲ ಬಿಡ್ರಿ. ರಾಜರ ಗಿಡಕ್ಕ ಹೇಳೋ ಔಷಧ ನಮ್ಮ ಬಡವರ ಗಿಡ ತಡಕೊಳ್ಳಲಿಲ್ಲ," ಎಂದರು.

ಚಳಿಗಾಲ ಬಂತು. ತೋಟ ಹಿಮದಡಿ ಮಲಗಿತು. ದ್ವಾರಕಾನಾಥರಿಗೆ ಮಾತ್ರ ನಿದ್ದೆ ಸರಿಯಿರಲಿಲ್ಲ. ವಸಂತದಲ್ಲಿ ಬೋರ್ಡಿನ ಸಭೆ ಇತ್ತು. ಸೊಸೈಟಿಯವರು ತಗ್ಗುತೋಟದಲ್ಲಿ ಏನನ್ನೂ ತೋರಿಸಲಾಗದಿದ್ದರೆ ಟಾರು ಹಾಕುವುದು ಎಂದು ಮಿಸ್ಟರ್ ಡಂಕರ್ ಎಲ್ಲರನ್ನೂ ಒಪ್ಪಿಸಿದ್ದರು. ಹೆಂಗಸರು ಮುಳ್ಳಿನ ಮೇಲುಭಾಗವನ್ನು ಕತ್ತರಿಸಿ ಬೆಳಕು ಬರುವಷ್ಟು ಮಾಡಿ, ಉಳಿದದ್ದನ್ನು ಮುಟ್ಟದೆ ಕಾಯುತ್ತಿದ್ದರು. ಅವರೆಲ್ಲ ಕಾಯುತ್ತಿದ್ದದ್ದು ತಮ್ಮ ಬೆನ್ನುನೋವಿನ ಮಾತನ್ನು ನಂಬಿ, ಎಂಬುದು ನೆನಪಾದಾಗಲೆಲ್ಲ ದ್ವಾರಕಾನಾಥರಿಗೆ ಊಟ ಸೇರುತ್ತಿರಲಿಲ್ಲ.

ಏಪ್ರಿಲಿನಲ್ಲಿ ಹಿಮ ಕರಗಿದೊಡನೆ ಯಾರಿಗೂ ಹೇಳದೆ ಒಬ್ಬರೇ ಡ್ರೈವ್ ಮಾಡಿಕೊಂಡು ಹೋದರು. ಏನೂ ಬಂದಿರದಿದ್ದರೆ ಅಲ್ಲಿಂದ ನೇರವಾಗಿ ಮಿಸೆಸ್ ಪ್ರೆಂಟಿಸ್ ಮನೆಗೆ ಹೋಗಿ ಕ್ಷಮೆ ಕೇಳುವುದೆಂದು ನಿಶ್ಚಯಿಸಿದ್ದರು. ಈ ಸಲ ಒಂದೊಂದೇ ಮೆಟ್ಟಿಲು ನೋಡಿಕೊಂಡು ಇಳಿದರು. ಕೊಳೆತ ಎಲೆಗಳ ನಡುವೆ ಬೆರಳುದ್ದದ ಹಸಿರು ಮೊನೆಗಳು ಎದ್ದಿದ್ದವು. ಒಂದಲ್ಲ, ಎರಡಲ್ಲ. ಅವು ಎಲ್ಲೆಂದರಲ್ಲಿಯೂ ಇರಲಿಲ್ಲ. ಸಾಲಾಗಿ, ದುಂಡಗೆ, ಕಂಪಾಸಿನಲ್ಲಿ ಎಳೆದಂತೆ ಒಂದರೊಳಗೊಂದು ಸುತ್ತುಗಳಾಗಿ ಎದ್ದಿದ್ದವು. ಕಾರ್ಡೀಲಿಯಾ ಥಾರ್ನ್‌ಬಿ ನೆಡಿಸಿದ ಗಡ್ಡೆಗಳು ಇಷ್ಟು ವರ್ಷವೂ ಮುಳ್ಳಿನಡಿ ತಮ್ಮ ಜಾಗ ಬಿಟ್ಟು ಕದಲಿರಲಿಲ್ಲ. ದ್ವಾರಕಾನಾಥರು ಮೆಟ್ಟಿಲ ಮೇಲೆ ಕೂತರು. ಸುತ್ತ ನಿಶ್ಶಬ್ದ. ಅರ್ಧ ಮೈಲಿ ಆಚೆಯ ಹೆದ್ದಾರಿಯ ಸದ್ದೂ ಇಲ್ಲ. ಕ್ಷಮೆಯ ಯೋಚನೆಯೇ ಅವರಿಗೆ ಪೂರ್ತಿ ಮರೆತುಹೋಯಿತು. ಅಂದಿನಿಂದ ಕೆಲಸ ಮುಗಿಸಿ ಬರುವಾಗ ದಿನಾ ಆ ಕಡೆ ಕಾರು ತಿರುಗಿಸತೊಡಗಿದರು.

ಅದೇ ತಿಂಗಳು ವಸುಧಾರ ತಾಯಿ ಪದ್ಮಮ್ಮನವರು ಮೈಸೂರಿನಿಂದ ಬಂದಿಳಿದರು. ರೇಷ್ಮೆ ಸೀರೆಯ ಮೇಲೆ ಅಳಿಯನ ಓವರ್‌ಕೋಟು ಹಾಕಿಕೊಂಡ ಅವರನ್ನು ಕಂಡ ಸೊಸೈಟಿಯವರು, ಇವರು ಅರಮನೆಯ ಕಡೆಯವರೇ ಇರಬೇಕೆಂದು ತೀರ್ಮಾನಿಸಿ ಬೋರ್ಡಿನ ಸಭೆಗೆ ಮೊದಲ ಸಾಲಿನಲ್ಲಿ ಕೂರಿಸಿದರು.

ಸಭೆಗೆ ಊರೇ ಬಂದಿತ್ತು. ಮಿಸ್ಟರ್ ಡಂಕರ್ ಕೆಂಪು ಮುಖದ, ದಪ್ಪ ಕುತ್ತಿಗೆಯ ಮನುಷ್ಯ. ಮೊದಲು ಪ್ಲಾಜಾದಿಂದ ಊರಿಗೆ ಆಗುವ ಲಾಭ ವಿವರಿಸಿದರು. ಆಮೇಲೆ, "ನಾಲ್ಕು ಹೂವಿನ ಗಡ್ಡೆ ಎದ್ದವೆಂದು ಒಬ್ಬ ತಜ್ಞರ ಮಾತು ನಂಬಿ ನಾವು ಕಾಯಬೇಕಂತೆ," ಎಂದರು. "ಈ ತಜ್ಞರು ನಿಜವಾಗಿ ಯಾರು ಎಂದು ಇಲ್ಲಿ ಯಾರಾದರೂ ವಿಚಾರಿಸಿದ್ದೀರಾ?" ಎಂದು ಸುತ್ತ ನೋಡಿ, ಪದ್ಮಮ್ಮನವರ ಕಡೆ ಬಗ್ಗಿ ಕೇಳಿದರು: "ತಾಯಿ, ನಿಮ್ಮ ಅಳಿಯನ ಮನೆಯವರು ರಾಜರ ತೋಟ ನೋಡಿಕೊಳ್ಳುತ್ತಿದ್ದರೇ?"

ವಸುಧಾ ತಾಯಿಯ ಕಿವಿಯಲ್ಲಿ ಕನ್ನಡದಲ್ಲಿ ಹೇಳಿದರು. ಪದ್ಮಮ್ಮ ಒಂದು ಕ್ಷಣ ಅಳಿಯನನ್ನು ನೋಡಿದರು.

"ಯಾರು, ಇವ್ರ ಮನೆಯವ್ರಾ? ಇವ್ರ ಮನೇಲಿ ಇದ್ದಿದ್ದೇ ಒಂದು ತುಳಸಿ ಗಿಡ. ಅದನ್ನೂ ಬೀದಿ ಹಸು ಬಂದು ತಿಂತು."

ಸಭೆ ಉತ್ತರಕ್ಕೆ ಕಾಯುತ್ತಿತ್ತು. ವಸುಧಾ ಗಂಡನ ಕಡೆ ತಿರುಗಿದರು. ದ್ವಾರಕಾನಾಥರು ಕಣ್ಣು ಮುಚ್ಚಿಕೊಂಡು, ಹೇಳು ಎಂಬಂತೆ ತಲೆಯಾಡಿಸಿದರು. ವಸುಧಾ ಎದ್ದು ನಿಂತು ಸ್ಪಷ್ಟ ಇಂಗ್ಲಿಷಿನಲ್ಲಿ ಹೇಳಿದರು: "ಅವರ ಮನೆಯಲ್ಲಿ ಒಂದೇ ಒಂದು ಗಿಡ ಇತ್ತು, ಅದನ್ನು ಹಸು ತಿಂದಿತು ಎನ್ನುತ್ತಾರೆ ನಮ್ಮ ತಾಯಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು. ಮಿಸ್ಟರ್ ಡಂಕರ್ ಗೆದ್ದವರಂತೆ ಕುರ್ಚಿಗೆ ಒರಗಿದರು. ದ್ವಾರಕಾನಾಥರು ಎದ್ದರು.

"ಅತ್ತೆ ಹೇಳಿದ್ದು ನಿಜ," ಎಂದರು. "ನಮ್ಮದು ಲಾಲ್‌ಬಾಗಿನ ಗೋಡೆಯ ಹಿಂದೆ ಬಾಡಿಗೆ ಮನೆ. ನಮ್ಮ ತಂದೆ ಅಂಚೆ ಕಚೇರಿಯಲ್ಲಿ ಗುಮಾಸ್ತರು. ಆ ತೋಟ ದೊರೆಗಳು ತಮಗಾಗಿ ಮಾಡಿಸಿಕೊಂಡದ್ದು. ನಾನು ಹುಟ್ಟುವ ಹೊತ್ತಿಗೆ ಅದು ಎಲ್ಲರದ್ದೂ ಆಗಿತ್ತು. ಮನೆ ಚಿಕ್ಕದು, ಜನ ಜಾಸ್ತಿ. ಅಪ್ಪ ಅಮ್ಮ ಇಬ್ಬರೇ ಒಂದು ಮಾತಾಡಬೇಕಾದರೆ ತೋಟಕ್ಕೆ ಹೋಗುತ್ತಿದ್ದರು. ನಾನು ಪರೀಕ್ಷೆಗೆ ಓದಿದ್ದೆಲ್ಲ ಅಲ್ಲೊಂದು ಮರದ ಕೆಳಗೆ. ಅದು ಯಾವ ಮರ ಎಂದು ಮಾತ್ರ ಕೇಳಬೇಡಿ, ನನಗೆ ಗೊತ್ತಿಲ್ಲ."

ಈ ಸಲ ಜನ ನಕ್ಕದ್ದು ಬೇರೆ ಥರ.

"ಈ ದೇಶಕ್ಕೆ ಬಂದ ಮೇಲೆ, ಏನೂ ಕೊಳ್ಳದೆ ಸುಮ್ಮನೆ ಕೂರುವ ಅಂಥ ಜಾಗ ನನಗೆ ಸಿಕ್ಕಿರಲಿಲ್ಲ. ಬಿದ್ದ ಮೇಲೆ ಸಿಕ್ಕಿತು. ನಿಮ್ಮಲ್ಲಿ ಯಾರೂ ಬೀಳಬೇಕಾಗಿಲ್ಲ, ಮೆಟ್ಟಿಲಿದೆ. ಒಂದು ಸಲ ಇಳಿದು ಬಂದು ಕೂತು ನೋಡಿ. ಆಮೇಲೂ ಟಾರು ಹಾಕಬೇಕು ಅನ್ನಿಸಿದರೆ ಹಾಕಿ."

ಅವರು ಕೂತೊಡನೆ ಮಿಸೆಸ್ ಪ್ರೆಂಟಿಸ್ ಎದ್ದರು. "ದಾಖಲೆಗೆ ಒಂದು ಮಾತು," ಎಂದರು. "ನಾನು ಇತಿಹಾಸದ ಟೀಚರು. ಮಿಸ್ಟರ್ ನಾಥ್ ಬಿದ್ದ ಮರುವಾರವೇ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ವಿಚಾರಿಸಿ, ಲಾಲ್‌ಬಾಗನ್ನು ಯಾರು ನೋಡಿಕೊಂಡರು ಎಂದು ತಿಳಿದುಕೊಂಡಿದ್ದೆ. ಅದರಲ್ಲಿ ಇವರ ಮನೆತನ ಇರಲಿಲ್ಲ. ಪತ್ರಿಕೆಯವರು ಬರೆದದ್ದನ್ನು ನಾನು ಬರೆಸಲಿಲ್ಲ, ತಿದ್ದಿಸಲೂ ಇಲ್ಲ. ನಮ್ಮ ತೋಟವನ್ನು ಮುಟ್ಟಬೇಡಿ ಎಂದು ಹೇಳಿದವರು ಇವರೊಬ್ಬರೇ. ಹಾಗೆ ಹೇಳುವವರು ಒಬ್ಬರು ನಮಗೆ ಬೇಕಾಗಿತ್ತು."

"ಮೇಡಂ," ಎಂದರು ದ್ವಾರಕಾನಾಥರು ಕೂತಲ್ಲಿಂದಲೇ, "ಅದು ನನ್ನ ಬೆನ್ನಿನ ವಿಷಯ."

"ಅದೂ ಗೊತ್ತಿತ್ತು," ಎಂದರು ಮಿಸೆಸ್ ಪ್ರೆಂಟಿಸ್.

ಬೋರ್ಡಿನವರಿಗೆ ಬೇರೆ ದಾರಿ ಕಾಣದೆ ಆ ಶನಿವಾರ ಎಲ್ಲರೂ ಹೋಗಿ ತಗ್ಗುತೋಟ ನೋಡುವುದೆಂದಾಯಿತು. ಆ ಹೊತ್ತಿಗೆ ಮೊನೆಗಳೆಲ್ಲ ಹೂವಾಗಿದ್ದವು. ಬಿಳಿ ಒಂದು ಸುತ್ತು, ಹಳದಿ ಒಂದು ಸುತ್ತು, ನಡುವೆ ಮಣ್ಣಿನಿಂದ ತಲೆ ಎತ್ತಿದ ಕಲ್ಲಿನ ಕೊಳದ ಅಂಚು. ಮಿಸ್ಟರ್ ಡಂಕರ್ ಗಡಿಯಾರ ನೋಡಿಕೊಳ್ಳುತ್ತ ಇಳಿದು ಕೊನೆಯ ಮೆಟ್ಟಿಲ ಮೇಲೆ ಕೂತರು. ಉಳಿದ ಬೋರ್ಡಿನವರು ಒಂದು ಸುತ್ತು ಹಾಕಿ, ಮಾತಾಡಿ, ಮೇಲೆ ಹತ್ತಿ ಹೋದರು. ಅವರು ಏಳಲಿಲ್ಲ. ದ್ವಾರಕಾನಾಥರು ಹತ್ತಿರ ಹೋಗಿ, "ಏನಾದರೂ ಕೇಳಿಸುತ್ತಿದೆಯೇ?" ಎಂದರು.

"ಏನೂ ಇಲ್ಲ," ಎಂದರು ಮಿಸ್ಟರ್ ಡಂಕರ್. ಆಮೇಲೆ ಸ್ವಲ್ಪ ಸರಿದು ಅವರಿಗೂ ಜಾಗ ಬಿಟ್ಟರು.

ಪ್ಲಾಜಾದ ಪಾರ್ಕಿಂಗ್ ಲಾಟ್ ರಸ್ತೆಯ ಆಚೆ ಬದಿಗೆ ಹೋಯಿತು. ತೋಟ ಸೊಸೈಟಿಯ ಕೈಗೆ ಬಂತು. ಮುಂದಿನ ಒಂದು ವರ್ಷ ಪ್ರತಿ ಶನಿವಾರ ದ್ವಾರಕಾನಾಥರು ಅಲ್ಲಿ ಮಣ್ಣು ಹೊತ್ತರು. ಅವರ ಜೊತೆ ಶಿವಬಸಪ್ಪನವರೂ ಬರತೊಡಗಿದರು, ತಮ್ಮ ಕರಿಬೇವು ಹೋದರೂ ಇಲ್ಲಿಯ ಗಿಡಗಳನ್ನಾದರೂ ಇವರ ಕೈಯಿಂದ ಕಾಪಾಡಬೇಕೆಂದು. ಯಾವುದು ಕಳೆ, ಯಾವುದು ಗಿಡ ಎಂದು ಗುರುತಿಸುವುದನ್ನು ದ್ವಾರಕಾನಾಥರು ಮಿಸೆಸ್ ಪ್ರೆಂಟಿಸ್ ಹತ್ತಿರ ಶಾಲೆಯ ಹುಡುಗನಂತೆ ಕಲಿತರು, ತಪ್ಪಿದಾಗ ಬೈಸಿಕೊಂಡರು. ಕಲ್ಲಿನ ಕೊಳಕ್ಕೆ ನೀರು ಏರಿಸಲು ಹಳೆಯ ವೈಪರ್ ಮೋಟರೊಂದನ್ನು ತಂದು ಕೂರಿಸಿದರು. ಅದು ಒಂದು ಸಲ ನೀರು ಎತ್ತಿ, ಒಂದು ಸಲ ಬಿಟ್ಟು, ಮಳೆಯಲ್ಲಿ ಕಾರಿನ ಗಾಜು ಒರೆಸುವ ತಾಳದಲ್ಲೇ ಚಿಮ್ಮಿಸುತ್ತಿತ್ತು. ಕಾರ್ಡೀಲಿಯಾ ಇದ್ದಿದ್ದರೆ ಒಪ್ಪುತ್ತಿದ್ದಳೋ ಇಲ್ಲವೋ, ಮಕ್ಕಳಿಗಂತೂ ಇಷ್ಟವಾಯಿತು.

1976ರ ಜೂನಿನಲ್ಲಿ ತೋಟ ಜನಕ್ಕೆ ತೆರೆಯಿತು. ಬಾಗಿಲಿನಲ್ಲಿ ಬ್ಯಾಂಡು, ನಿಂಬೆಹಣ್ಣಿನ ಪಾನಕ, ಭಾಷಣ. ಕನ್ನಡ ಕೂಟದವರು ಕೆರೆಯ ದಂಡೆಯಲ್ಲಿ ಜಮಖಾನ ಹಾಸಿ ಚಿತ್ರಾನ್ನ ಬಿಚ್ಚಿದ್ದರು. ದ್ವಾರಕಾನಾಥರು ಭಾಷಣಕ್ಕೆ ಕಿವಿ ಕೊಡದೆ, ಮಂಡಿಯೂರಿ ಹೊಸದಾಗಿ ನೆಟ್ಟ ಗಿಡಗಳಿಗೆ ಮಣ್ಣು ಒತ್ತುತ್ತಿದ್ದರು. ಡೆಟ್ರಾಯಿಟಿನಿಂದ ಮೊಮ್ಮಕ್ಕಳನ್ನು ಕರೆತಂದಿದ್ದ ಅಜ್ಜಿಯೊಬ್ಬರು ಅವರ ಮುಂದೆ ಬಂದು ನಿಂತರು.

"ನೀವು ಇಲ್ಲಿ ಕೆಲಸ ಮಾಡುವವರಾ?"

ದ್ವಾರಕಾನಾಥರು ತಮ್ಮ ಕೆಸರು ಕೈ ನೋಡಿಕೊಂಡರು. "ಹೌದು," ಎಂದರು. "ಶನಿವಾರ ಶನಿವಾರ."

"ಹಾಗಾದರೆ ನಿಮಗೆ ಗೊತ್ತಿರಬೇಕು. ಟಾಯ್ಲೆಟ್ ಎಲ್ಲಿ?"

ದ್ವಾರಕಾನಾಥರು ಎದ್ದು ಪ್ಯಾಂಟು ಕೊಡವಿಕೊಂಡರು. ಸಾಲುಮರದ ಎಡಕ್ಕೆ ಹೋಗಿ, ಹಳೆಯ ಕುದುರೆ ಲಾಯ ದಾಟಿ, ಹಸಿರು ಬಾಗಿಲು ಎಂದು ವಿವರವಾಗಿ ಹೇಳಿದರು. ಸಾಲದೆಂದು ತಾವೇ ಮುಂದೆ ನಡೆದು ಅವರನ್ನೂ ಮೊಮ್ಮಕ್ಕಳನ್ನೂ ಅಲ್ಲಿಯವರೆಗೆ ಬಿಟ್ಟು ಬಂದರು. ಆ ತೋಟದ ವಿಷಯವಾಗಿ ಯಾರಾದರೂ ಕೇಳಿದ ಪ್ರಶ್ನೆಗೆ ಅವರು ತುಂಬು ಆತ್ಮವಿಶ್ವಾಸದಿಂದ, ಪೂರಾ ಸರಿಯಾದ ಉತ್ತರ ಕೊಟ್ಟದ್ದು ಅದೇ ಮೊದಲು. ಅಂದು ಸಂಜೆ ಊಟಕ್ಕೆ ಕೂತಾಗ ಅದನ್ನು ಹೆಂಡತಿಗೆ ಬಹಳ ಗಂಭೀರವಾಗಿ ವರದಿ ಮಾಡಿದರು.